ಗ್ಯಾರೇಜಿಗೊಂದು ಬೆಂಚ್ ಡ್ರಿಲ್: ಅಂಗಡಿಯಲ್ಲೇ ಡಯಲ್ ಗೇಜ್ ಹಚ್ಚಿ ತಂದದ್ದು

ಮೊದಲು ತೀರ್ಪು, ಆಮೇಲೆ ಪುರಾಣ. ನಮ್ಮ ಗ್ಯಾರೇಜಿಗೆ ಬಂದಿರುವ ಬೆಂಚ್ ಡ್ರಿಲ್ ಮಷಿನ್ ಚಲೋ ಇದೆ. ಅದರ ಜೊತೆ ಕೊಡುವ, ಬಿಟ್ (ಕೊರೆಯುವ ಕಡ್ಡಿ) ಕಚ್ಚಿ ಹಿಡಿಯುವ ಚಕ್ ಚಲೋ ಇಲ್ಲ. ಸ್ವಿಚ್ ಬಗ್ಗೆ ಮುಂದೆ ಬೇರೆಯಾಗಿಯೇ ಬೈಯುವವಳಿದ್ದೇನೆ. ಬೀಡಿನ (ಎರಕದ ಕಬ್ಬಿಣದ) ಮೈ, ಅರ್ಧ ಎಚ್‌ಪಿ ಸಿಂಗಲ್ ಫೇಸ್ ಮೋಟರ್, ನಾಲ್ಕು ಮೆಟ್ಟಿಲಿನ ಪುಲ್ಲಿ, 13 ಎಂಎಂ ತನಕ ತೂತು. ಮೋಟರ್ ಮತ್ತು ಶೇಕಡಾ 18 ಜಿಎಸ್‌ಟಿ ಹಿಡಿದು 13 ಸಾವಿರದ ಮೇಲೆ ಚಿಲ್ಲರೆ ಬಿತ್ತು. ಕಂಪನಿ ಹೆಸರು ಬರೆದು ನಿಮಗೇನೂ ಉಪಯೋಗವಿಲ್ಲ. ಲುಧಿಯಾನ, ಬಟಾಲಾ, ರಾಜಕೋಟ ಕಡೆಯ ಸಣ್ಣ ಸಣ್ಣ ಕಾರ್ಖಾನೆಗಳಲ್ಲಿ ಇಂಥವು ತಯಾರಾಗುತ್ತವೆ; ಒಂದೇ ಹೆಸರಿನ ಎರಡು ಮಷಿನ್ ಅಕ್ಕಪಕ್ಕ ಇಟ್ಟು ಅಳೆದರೂ ಫರಕು ಸಿಗುತ್ತದೆ. ಅಂಗಡಿಯಲ್ಲಿ ಎದುರಿಗೆ ನಿಂತಿರುವ ಆ ಒಂದು ಮಷಿನ್ನನ್ನೇ ತಪಾಸಣೆ ಮಾಡಿ ತರಬೇಕು, ಅಷ್ಟೇ.

ನನ್ನ ನೌಕರಿ ಬೆಳಗಾವಿಯ ಉದ್ಯಮಬಾಗದ ಒಂದು ಹೈಡ್ರಾಲಿಕ್ ವಾಲ್ವ್ ಕಾರ್ಖಾನೆಯ ಕ್ವಾಲಿಟಿ ವಿಭಾಗದಲ್ಲಿ. ಓದಿದ್ದು ಐಟಿಐ, ಫಿಟ್ಟರ್ ಟ್ರೇಡ್. ಮನೆ ಭಾಗ್ಯನಗರದಲ್ಲಿ. ಹಳೇ ಕಾರು ಮಾರಿದ ಮೇಲೆ ಗ್ಯಾರೇಜ್ ಖಾಲಿ ಆಯಿತು. ಮನೆಯವರು ಅದನ್ನು ಬಾಡಿಗೆಗೆ ಕೊಡೋಣ ಎಂದು ಯೋಚಿಸುವಷ್ಟರಲ್ಲಿ ನಾನು ಅಲ್ಲಿ ಆಂಗಲ್ ಕಬ್ಬಿಣದ ಬೆಂಚ್ ಹಾಕಿಬಿಟ್ಟಿದ್ದೆ. ಕೆಲಸ ಏನು ಮಹಾ ಅಂದರೆ, ವಡಗಾವಿಯಲ್ಲಿ ಅಣ್ಣನ ಪವರ್‌ಲೂಮ್‌ಗಳಿವೆ, ಅವಕ್ಕೆ ಬೇಕಾಗುವ ಪಟ್ಟಿ, ಬ್ರಾಕೆಟ್. 6 ಎಂಎಂ ದಪ್ಪದ ಪಟ್ಟಿಯಲ್ಲಿ 8, 10 ಎಂಎಂ ತೂತುಗಳು. ಜೊತೆಗೆ ಓಣಿಯವರ ಗೇಟಿನ ಬಿಜಾಗರಿ, ಜೋಕಾಲಿ ಹಲಗೆ, ಇಂಥವೇ. ಕೈ ಡ್ರಿಲ್ಲಿನಲ್ಲೂ ತೂತು ಬೀಳುತ್ತದೆ, ಆದರೆ ಎರಡು ಪಟ್ಟಿ ಒಂದರ ಮೇಲೊಂದು ಇಟ್ಟು ಬೋಲ್ಟ್ ಹಾಕಲು ಹೋದಾಗ ನಿಜ ಹೊರಬೀಳುತ್ತದೆ. ಅಣ್ಣ ಅರ ಹಿಡಿದು ತೂತನ್ನು ಮೊಟ್ಟೆಯಾಕಾರ ಮಾಡಿ ಕೂಡಿಸುತ್ತಿದ್ದ. ಕ್ವಾಲಿಟಿಯಲ್ಲಿ ಕೆಲಸ ಮಾಡುವವಳ ಕಣ್ಣಿಗೆ ಅದು ಸಹನೆಯಾಗುವ ನೋಟವಲ್ಲ.

ಎಲ್ಲಕ್ಕಿಂತ ಅಗ್ಗದ್ದು, ಇರುವ ಕೈ ಡ್ರಿಲ್ಲನ್ನೇ ಸಿಕ್ಕಿಸುವ ಸ್ಟ್ಯಾಂಡ್. ಅದನ್ನು ಬಿಡಿ. ಡ್ರಿಲ್ಲಿನ ಬೇರಿಂಗಿನ ಸಡಿಲು ಒಂದು, ಸ್ಟ್ಯಾಂಡಿನ ಸಡಿಲು ಇನ್ನೊಂದು, ಎರಡೂ ಕೂಡಿ ಬಿಟ್ ತನಗೆ ಬೇಕಾದ ಕಡೆ ಹೋಗುತ್ತದೆ.

ಆಮೇಲೆ ಆನ್‌ಲೈನಿನಲ್ಲಿ ತರಿಸುವ ಹಗುರ ಮಷಿನ್: 350 ವ್ಯಾಟ್, ಐದು ಸ್ಪೀಡ್, 16-17 ಕಿಲೋ ತೂಕ. ನನ್ನ ಜೊತೆ ಕೆಲಸ ಮಾಡುವ ಒಬ್ಬರ ಮನೆಯಲ್ಲಿದೆ, ಹೋಗಿ ನೋಡಿದೆ. ಅದನ್ನು ಸುಮ್ಮನೆ ಹಳಿಯುವಂತಿಲ್ಲ. ಟೇಬಲ್ ಏರಿಸಿ ಇಳಿಸಲು ಹಿಡಿಕೆ ಉಂಟು, ಚಕ್ಕಿನ ಮುಂದೆ ಪಾರದರ್ಶಕ ಕವಚ ಉಂಟು, ಸ್ವಿಚ್ಚಂತೂ ನನ್ನ ಮಷಿನ್ನಿಗಿಂತ ಎಷ್ಟೋ ಮೇಲು. ಕಟ್ಟಿಗೆ, ಅಲ್ಯೂಮಿನಿಯಂ, ತೆಳು ಪಟ್ಟಿ, 6 ಎಂಎಂ ಒಳಗಿನ ತೂತು, ಇಷ್ಟೇ ನಿಮ್ಮ ಸಂಸಾರವಾದರೆ ಅದನ್ನೇ ಕೊಳ್ಳಿ. ನನಗೆ ಒಗ್ಗದ್ದು ಅದರ ಪಿಲ್ಲರ್, ಅಂದರೆ ಮಷಿನ್ನಿನ ತಲೆ, ಟೇಬಲ್ ಎರಡನ್ನೂ ಹೊತ್ತ ಕಂಬ. ತೆಳು ಕೊಳವೆ. 10 ಎಂಎಂ ಬಿಟ್ ಹಾಕಿ ಸ್ಟೀಲಿನ ಮೇಲೆ ಒತ್ತಿದಾಗ ತಲೆ ಮೇಲಕ್ಕೆ ಏಳುತ್ತದೆ, ಟೇಬಲ್ ಕೆಳಕ್ಕೆ ಬಾಗುತ್ತದೆ. ಡಯಲ್ ಗೇಜ್ (ಎಂಎಂನ ನೂರನೇ ಒಂದು ಭಾಗದ ಅಲುಗಾಟವನ್ನೂ ಮುಳ್ಳಿನಿಂದ ತೋರಿಸುವ ಅಳತೆ ಸಾಧನ) ಹಚ್ಚಿ ನೋಡಿದರೆ ಟೇಬಲಿನ ಅಂಚು ಅರ್ಧ ಎಂಎಂಗಿಂತ ಹೆಚ್ಚು ಇಳಿಯಿತು. ಬಾಗಿದ ಟೇಬಲ್ ಮೇಲೆ ನೆಟ್ಟಗಿನ ತೂತು ಎಲ್ಲಿಂದ ಬಂದೀತು? ಮೇಲೆ ತೂತಿನ ಜಾಗ ತೋರಿಸುವ ಲೇಸರ್ ದೀಪ ಬೇರೆ. ಸೆಂಟರ್ ಪಂಚ್ ಹೊಡೆದ ಗುಳಿಯೊಳಗೆ ಬಿಟ್‌ನ ತುದಿ ತಾನಾಗಿ ಕೂಡುತ್ತದೆ, ಲೇಸರ್ ಯಾವ ಪೂಜೆಗೆ?

ಉಳಿದದ್ದು ನಮ್ಮ ಊರಿನ ವರ್ಕ್‌ಶಾಪುಗಳಲ್ಲಿ ಎಲ್ಲರೂ ಕಂಡ, ಒರಟು ಬಣ್ಣದ, ಬೀಡಿನ ಭಾರೀ ಮಷಿನ್. ಐವತ್ತು ಕಿಲೋ ಸಮೀಪ. ನೋಡಲು ಚಂದ ಇಲ್ಲ. ಡ್ರಿಲ್ ಮಷಿನ್ನಿಗೆ ಭಾರ ಇರುವುದು ಗುಣ, ಅದರಲ್ಲೂ ಬೀಡು ನಡುಕವನ್ನು ನುಂಗಿಕೊಳ್ಳುತ್ತದೆ.

ತಗೊಳ್ಳುವುದು ಇದನ್ನೇ ಎಂದು ನಿರ್ಧಾರವಾದ ಮೇಲೆ ನನ್ನ ಸ್ವಂತದ ಡಯಲ್ ಗೇಜ್, ಮ್ಯಾಗ್ನೆಟ್ ಸ್ಟ್ಯಾಂಡ್, ಗ್ರೈಂಡ್ ಮಾಡಿದ 10 ಎಂಎಂ ಡೋವೆಲ್ ಪಿನ್ (ನಿಖರ ಅಳತೆಯ ಉಕ್ಕಿನ ದುಂಡು ಕಡ್ಡಿ) ಚೀಲದಲ್ಲಿ ಹಾಕಿಕೊಂಡು ಅಂಗಡಿಗೆ ಹೋದೆ. ಮೊದಲನೇ ಅಂಗಡಿಯವನು ನನ್ನ ಬೆನ್ನ ಹಿಂದೆ ಹುಡುಕಿದ.

"ಸಾಹೇಬ್ರು ಬಂದಿಲ್ಲೇನ್ರಿ ಅಕ್ಕಾರ?"

"ಸಾಹೇಬ್ರು ಸಾಲ್ಯಾಗ ಪಾಠ ಹೇಳಾಕತ್ತಾರ್ರಿ. ಮಷಿನ್ ನನಗ ಬೇಕಾಗೇತಿ."

ಗೇಜ್ ಹೊರಗೆ ತೆಗೆದದ್ದೇ ತಡ, "ಹಂಗೆಲ್ಲಾ ಚೆಕ್ ಮಾಡಾಕ ಬರೂದಿಲ್ರಿ, ಇದೇನ ಬಂಗಾರೇನ್ರಿ" ಅಂದ. ಬಂಗಾರವಾದರೆ ತೂಕ ಮಾಡಿ ಕೊಡುತ್ತಾರಲ್ಲ, ಇಲ್ಲಿ ಅದೂ ಇಲ್ಲ. ಎರಡನೇ ಅಂಗಡಿಯ ಹಿರಿಯರು ಬೇರೆ ಥರ. "ಹಚ್ಚವಾ ಹಚ್ಚು, ನಾನೂ ನೋಡತೀನಿ" ಎಂದು ಕನ್ನಡಕ ಹಾಕಿಕೊಂಡು ಪಕ್ಕದಲ್ಲೇ ಕುಂತರು.

ಚಕ್ ತೆಗೆಸಿ, ತಿರುಗುವ ದಂಡವಾದ ಸ್ಪಿಂಡಲಿನೊಳಗಿನ ಎಂಟಿ-2 (ಮೋರ್ಸ್ ಟೇಪರ್ 2) ಎಂಬ, ಚಕ್ ಸಿಕ್ಕಿಸುವ ಇಳಿಜಾರು ತೂತಿಗೆ ಗೇಜಿನ ತುದಿ ತಾಗಿಸಿದೆ. ಮೇಲಿನ ಪುಲ್ಲಿಯನ್ನು ಕೈಯಿಂದ ನಿಧಾನ ಒಂದು ಸುತ್ತು ತಿರುಗಿಸಿದರೆ ಮುಳ್ಳು ಆಡಿದ್ದು ಎರಡೇ ಗೆರೆ, ಅಂದರೆ 0.02 ಎಂಎಂ. ಈ ದರಕ್ಕೆ ಇದಕ್ಕಿಂತ ಏನು ಬೇಕು. ಆಮೇಲೆ ಚಕ್ ಕೂಡಿಸಿ, ಡೋವೆಲ್ ಪಿನ್ ಕಚ್ಚಿಸಿ, ಅದರ ಮೇಲೆ ಗೇಜ್ ಇಟ್ಟೆ. ಮುಳ್ಳು 17 ಗೆರೆ ಓಡಿತು. ಕಾಕಾರ ಮುಖ ಸಪ್ಪಗಾಯಿತು. ಇನ್ನೊಂದು ಡಬ್ಬಿ ಒಡೆದು ಬೇರೆ ಚಕ್ ಕೊಟ್ಟರು, ಅದು 11. ಮಷಿನ್ನಿನ ದೋಷ ಅಲ್ಲ ಎಂದು ಇಬ್ಬರಿಗೂ ಗೊತ್ತಾದ ಮೇಲೆ ವ್ಯವಹಾರ ಸಲೀಸಾಯಿತು: ಚಕ್ಕಿನ ರೊಕ್ಕ ಮುರಿದುಕೊಂಡರು, ನಾನು ಬೇರೆ ಕಡೆ ಒಳ್ಳೆ ಕೀ-ಚಕ್ ಕೊಂಡೆ, ಅದು 5 ಗೆರೆಯೊಳಗೆ ಬಂತು. ಇಷ್ಟು ಜಿಗುಟುತನ ಯಾಕೆ ಎಂದರೆ, 3 ಎಂಎಂ ಬಿಟ್ ಹಾಕಿದಾಗ ತಿಳಿಯುತ್ತದೆ. ತುದಿ ಸುತ್ತು ಹೊಡೆಯುತ್ತ ಇಳಿದರೆ ತೂತು ದೊಡ್ಡದಾಗುತ್ತದೆ, ಇಲ್ಲವೇ ಬಿಟ್ ಪಟ್ಟನೆ ಮುರಿಯುತ್ತದೆ. ಎಂಟಿ-2 ಇರುವ ಮಷಿನ್ನನ್ನೇ ಕೇಳಿ ತಗೊಳ್ಳಿ ಎನ್ನುವುದೂ ಇದಕ್ಕೇ. ಚಕ್ ಹಾಳಾದರೆ ಸ್ಪಿಂಡಲಿನ ಪಕ್ಕದ ಸೀಳಿನಲ್ಲಿ ಡ್ರಿಫ್ಟ್ ಎಂಬ ಚಪ್ಪಟೆ ಬೆಣೆ ತೂರಿಸಿ ಒಂದು ಪೆಟ್ಟು ಹಾಕಿದರೆ ಕಳಚಿ ಬರುತ್ತದೆ.

ಗೇಜ್ ಇಲ್ಲದವರಿಗೆ ಐಟಿಐಯಲ್ಲಿ ನಮ್ಮ ಸರ್ ತೋರಿಸಿದ ಉಪಾಯ ಹೇಳುತ್ತೇನೆ. ಗಟ್ಟಿ ತಂತಿಯೊಂದನ್ನು ಕೊಕ್ಕೆಯಂತೆ ಅಡ್ಡಕ್ಕೆ ಬಗ್ಗಿಸಿ ಚಕ್ಕಿಗೆ ಕಚ್ಚಿಸಿ. ಅದರ ತುದಿ ಟೇಬಲಿನ ಒಂದು ಅಂಚಿಗೆ ಆಗ ತಾನೇ ತಾಗುವಂತೆ ಇಳಿಸಿ, ಪುಲ್ಲಿಯನ್ನು ಕೈಯಲ್ಲೇ ತಿರುಗಿಸಿ. ನಾಲ್ಕೂ ದಿಕ್ಕಿನಲ್ಲಿ ತುದಿ ಒಂದೇ ಸಮ ತಾಗಿದರೆ ಟೇಬಲ್ ಸ್ಪಿಂಡಲಿಗೆ ಬರೋಬ್ಬರಿ ಮೂಲೆಮಟ್ಟದಲ್ಲಿದೆ. ಎಡಕ್ಕೆ ಬಲಕ್ಕೆ ಫರಕು ಬಂದರೆ ಟೇಬಲಿನ ಬೋಲ್ಟ್ ಸಡಿಲಿಸಿ ಸರಿ ಮಾಡಬಹುದು. ಹಿಂದೆ ಮುಂದೆ ಫರಕು ಬಂದರೆ ಆ ಮಷಿನ್ ಬೇಡ, ಅದಕ್ಕೆ ತಿರುವುವ ಬೋಲ್ಟ್ ಇರುವುದಿಲ್ಲ. ಆಮೇಲೆ ಸ್ಪಿಂಡಲನ್ನು ಪೂರ್ತಿ ಕೆಳಗೆ ಇಳಿಸಿ, ಚಕ್ ಹಿಡಿದು ಹಿಂದೆ ಮುಂದೆ ಅಲುಗಾಡಿಸಿ. ಕೈಗೆ ಟಕಟಕ ಅಂದರೆ ಅಂಗಡಿ ಬಿಟ್ಟು ಹೊರಡಿ.

ಸ್ಪೀಡಿನ ಮಾತು. ಅಂಗಡಿಯವರು ಹೆಚ್ಚು ಎಷ್ಟು ಎಂದು ಹೊಗಳುತ್ತಾರೆ, ನೀವು ಕಡಿಮೆ ಎಷ್ಟು ಎಂದು ಕೇಳಿ. ಮೈಲ್ಡ್ ಸ್ಟೀಲಿನಲ್ಲಿ ಎಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್) ಬಿಟ್‌ನ ಅಂಚು ನಿಮಿಷಕ್ಕೆ ಸುಮಾರು 25 ಮೀಟರ್ ಓಡಿದರೆ ಸಾಕು. ಲೆಕ್ಕ ಸುಲಭ: 8000ವನ್ನು ಬಿಟ್‌ನ ಎಂಎಂನಿಂದ ಭಾಗಿಸಿದರೆ ಆರ್‌ಪಿಎಂ, ಅಂದರೆ ನಿಮಿಷಕ್ಕೆ ಎಷ್ಟು ಸುತ್ತು ಎಂಬುದು ಬರುತ್ತದೆ. 8 ಎಂಎಂಗೆ 1000, 10ಕ್ಕೆ 800, 13ಕ್ಕೆ 600ರ ಆಸುಪಾಸು. ಸ್ಟೇನ್‌ಲೆಸ್ ಸ್ಟೀಲಾದರೆ ಅದರ ಅರ್ಧ. ನನ್ನದರ ಕೆಳಗಿನ ಸ್ಪೀಡ್ 450, ಹಾಗಾಗಿ ಮೈಲ್ಡ್ ಸ್ಟೀಲಿನಲ್ಲಿ 13 ಎಂಎಂ ತನಕ ನಿಶ್ಚಿಂತೆ. ಆದರೆ 40 ಎಂಎಂ ಹೋಲ್ ಸಾ (ದೊಡ್ಡ ತೂತು ಕೊರೆಯುವ ದುಂಡು ಗರಗಸ) ಹಾಕಬೇಕೆಂದರೆ ಲೆಕ್ಕ 200ಕ್ಕೆ ಬರುತ್ತದೆ. ಸ್ಟೀಲ್ ತಗಡಿನಲ್ಲಿ ಅದು ಈ ಮಷಿನ್ನಿನ ಕೆಲಸವಲ್ಲ, ಉದ್ಯಮಬಾಗದಲ್ಲಿ ಯಾವುದಾದರೂ ಜಾಬ್ ವರ್ಕಿನವರಿಗೆ ಕೊಟ್ಟು ಚಹಾ ಕುಡಿದು ಬರುವುದು ಒಳ್ಳೆಯದು. ಸ್ಪೀಡ್ ಬದಲಿಸಲು ಬೆಲ್ಟನ್ನು ಪುಲ್ಲಿಯ ಬೇರೆ ಮೆಟ್ಟಿಲಿಗೆ ಹಾಕುವುದು ಬೇಸರದ ಕೆಲಸ ಹೌದು, ಮೋಟರಿನ ಪ್ಲೇಟ್ ಸಡಿಲಿಸಬೇಕು, ಬೆರಳು ಕರ್ರಗಾಗುತ್ತದೆ. ಆ ಬೇಸರಕ್ಕೇ ಜನ ಒಂದೇ ಸ್ಪೀಡಿನಲ್ಲಿ ಎಲ್ಲ ಹೊಡೆದು ಬಿಟ್ ಸುಟ್ಟು, "ಈಗಿನ ಬಿಟ್ ಏನೂ ಬಾಳಂಗಿಲ್ಲ" ಎನ್ನುತ್ತಾರೆ. ನಾನು ಬೆಲ್ಟ್ ಕವರಿನ ಒಳಗೆ ಪೇಂಟ್ ಪೆನ್ನಿನಿಂದ ಯಾವ ಮೆಟ್ಟಿಲಿಗೆ ಯಾವ ಬಿಟ್ ಎಂದು ಬರೆದಿದ್ದೇನೆ. ಸ್ಟೀಲಿಗೆ ಕೂಲಂಟ್ ಹನಿ, ಅಲ್ಯೂಮಿನಿಯಮ್ಮಿಗೆ ಚಿಮಣಿ ಎಣ್ಣೆ, ಬೀಡಿಗೆ ಏನೂ ಬೇಡ, ಒಣಗಿದ್ದೇ ಹೊಡೆಯಬೇಕು.

ಈಗ ಸ್ವಿಚ್. ಬಂದದ್ದು ಮಾಮೂಲಿ ಆನ್-ಆಫ್. ಇದರ ಪೀಡೆ ಏನೆಂದರೆ, ಡ್ರಿಲ್ ಮಾಡುವಾಗ ಕರೆಂಟ್ ಹೋಯಿತು ಎನ್ನಿ. ಮಷಿನ್ ನಿಂತಿತು, ನೀವು ಸ್ವಿಚ್ ಆರಿಸುವುದು ಮರೆತು ಬಿಟ್ ಬದಲಿಸಲು ಚಕ್ಕಿಗೆ ಕೀ ಹಾಕಿದಿರಿ. ಅಷ್ಟರಲ್ಲಿ ಕರೆಂಟ್ ಬಂತು. ಮುಂದಿನದನ್ನು ಬರೆಯುವುದು ಬೇಡ. ಪಂಪ್‌ಸೆಟ್ಟಿಗೆ ಹಾಕುತ್ತಾರಲ್ಲ, ಹಸಿರು ಗುಂಡಿ ಕೆಂಪು ಗುಂಡಿಯ ಡಿಒಎಲ್ ಸ್ಟಾರ್ಟರ್, ಅದರ ಸಿಂಗಲ್ ಫೇಸಿನ ಸಣ್ಣದನ್ನು ತಂದು ಹಾಕಿಸಿದೆ. ಕರೆಂಟ್ ಹೋದೊಡನೆ ಒಳಗಿನ ಕಾಯಿಲ್ ಬಿಟ್ಟುಕೊಡುತ್ತದೆ, ಮತ್ತೆ ಹಸಿರು ಗುಂಡಿ ಒತ್ತುವ ತನಕ ಮೋಟರ್ ತಿರುಗುವುದಿಲ್ಲ. ಮೋಟರಿಗೆ ಭಾರ ಹೆಚ್ಚಾದರೆ ಕರೆಂಟ್ ಕಡಿಯುವ ಓವರ್‌ಲೋಡ್ ರಿಲೇಯೂ ಅದರಲ್ಲೇ ಬರುತ್ತದೆ. ಇಷ್ಟು ಭಾರದ ಮಷಿನ್ ಮಾಡುವವರಿಗೆ ಇದೊಂದನ್ನು ಸೇರಿಸಿ ಕೊಡಲು ಏನು ಧಾಡಿಯೋ! ಅರ್ಥಿಂಗ್ ಸರಿಯಿದೆಯೇ ಎಂದು ಎಲೆಕ್ಟ್ರಿಷಿಯನ್ ಬಂದಾಗಲೇ ನೋಡಿಸಿಕೊಳ್ಳಿ, ಮೈಯೆಲ್ಲ ಕಬ್ಬಿಣ.

ಪಟ್ಟಿ, ತಗಡನ್ನು ಬಿಗಿ ಹಿಡಿಯುವ ವೈಸ್ ಇಲ್ಲದೆ ಮಷಿನ್ ತರಬೇಡಿ. ತೆಳು ತಗಡಿನಲ್ಲಿ ಬಿಟ್ ಆಚೆ ದಾಟುವ ಕ್ಷಣ ತಗಡನ್ನು ಕಚ್ಚಿ ಮೇಲೆತ್ತಿ ಗರಗರ ತಿರುಗಿಸುತ್ತದೆ, ಕೈಯಲ್ಲಿ ಹಿಡಿದಿದ್ದರೆ ಅದು ಕತ್ತಿಯೇ. ಉದ್ದ ಪಟ್ಟಿ ವೈಸಿಗೆ ಕೂಡದಿದ್ದರೆ ಅದರ ಉದ್ದನೆಯ ತುದಿ ನಿಮ್ಮ ಎಡಕ್ಕೆ ಬರುವಂತೆ ಇಟ್ಟು, ಪಿಲ್ಲರಿನ ಎಡಬದಿಗೆ ಆನಿಸಿ. ಬಿಟ್ ಕಚ್ಚಿದರೂ ಪಟ್ಟಿ ಪಿಲ್ಲರಿಗೆ ಬಡಿದು ನಿಲ್ಲುತ್ತದೆ, ನಿಮ್ಮ ಹೊಟ್ಟೆಗೆ ಬರುವುದಿಲ್ಲ. ಹ್ಯಾಂಡ್ ಗ್ಲೋವ್ಸ್ ಹಾಕಿಕೊಂಡು ಡ್ರಿಲ್ ಹತ್ತಿರ ಹೋಗಬಾರದು, ಕಾರ್ಖಾನೆಯಲ್ಲಿ ಹೊಸ ಹುಡುಗರಿಗೆ ಮೊದಲ ದಿನವೇ ಹೇಳುವ ಮಾತು. ನನ್ನಂಥವರಿಗೆ ಇನ್ನಷ್ಟು: ವೇಲ್ ಗ್ಯಾರೇಜಿನ ಹೊರಗೆ, ಜಡೆ ಸುತ್ತಿ ಗಂಟು, ಕಾಜಿನ ಬಳೆ ತೆಗೆದಿಟ್ಟು ಬರುವುದು. ಅತ್ತೆಯವರಿಗೆ ಮೊದಮೊದಲು ಬರಿಗೈ ನೋಡಿ ಸಮಾಧಾನವಿರಲಿಲ್ಲ. ಸುರುಳಿ ಸುರುಳಿಯಾಗಿ ಹೊರಬೀಳುವ ಬಿಸಿ ಲೋಹದ ಚಿಪ್ಸ್ ತೋರಿಸಿದೆ, ಮತ್ತೆ ಕೇಳಲಿಲ್ಲ.

ಮಷಿನ್ನಿನ ಮೇಲೆ ಇನ್ನೂ ಎರಡು ತಕರಾರಿವೆ. ಬೆಲ್ಟ್ ಕವರ್ ತಗಡಿನದು, ಮೇಲಿನ ಸ್ಪೀಡಿನಲ್ಲಿ ಜಾತ್ರೆಯ ಹಲಗೆ ಬಡಿದಂತೆ ಬಡಿಯುತ್ತದೆ. ಸಂದಿಗೆ ರಬ್ಬರ್ ಪಟ್ಟಿ ಅಂಟಿಸಿದ ಮೇಲೆ ತಗ್ಗಿದೆ. ದೊಡ್ಡ ತಕರಾರು ಟೇಬಲಿನದು. ಏರಿಸುವ ಹಲ್ಲುಪಟ್ಟಿ ಇಲ್ಲ, ಕ್ಲ್ಯಾಂಪ್ ಸಡಿಲಿಸಿ ಎರಡೂ ಕೈಯಲ್ಲಿ ಎತ್ತಬೇಕು. ಬೀಡಿನ ಟೇಬಲ್, ಮೇಲೆ ವೈಸ್, ಜಾರಿದರೆ ಕಾಲು ಹೋಯಿತು. ಸ್ಕೂಟರ್ ರಿಪೇರಿಯವರಿಂದ ಹಳೇ ಕತ್ತರಿ ಜಾಕ್ ಒಂದನ್ನು ತಂದು ಟೇಬಲಿನ ಕೆಳಗೆ ಇಟ್ಟಿದ್ದೇನೆ, ಅದರಿಂದಲೇ ಏರಿಳಿತ. ಎತ್ತರ ಬದಲಿಸಿದಾಗ ಟೇಬಲ್ ಪಕ್ಕಕ್ಕೂ ಸರಿಯುತ್ತದೆ, ಆದ್ದರಿಂದ ಒಂದೇ ತೂತಿಗೆ ಸಣ್ಣ ಬಿಟ್, ದೊಡ್ಡ ಬಿಟ್ ಎರಡೂ ಬೇಕಾದಾಗ ಟೇಬಲ್ ಮುಟ್ಟದೆ ಎರಡೂ ಸಾಲುವ ಎತ್ತರಕ್ಕೆ ಮೊದಲೇ ಇಟ್ಟುಕೊಳ್ಳಬೇಕು. ರೊಕ್ಕ ಇನ್ನಷ್ಟು ಇದ್ದವರು ಹಲ್ಲುಪಟ್ಟಿ ಇರುವುದನ್ನೇ ತಗೊಳ್ಳಿ.

ಬುಡವನ್ನು ಬೆಂಚಿಗೆ ಬೋಲ್ಟ್ ಹಾಕಿಯೇ ನಡೆಸಬೇಕು, ತಲೆ ಭಾರದ ಮಷಿನ್ ಮುಗ್ಗರಿಸುತ್ತದೆ. ಇನ್ನು ನಮ್ಮ ಬೆಳಗಾವಿ ಮಳೆ. ಜೂನ್ ಹಿಡಿಯಿತೆಂದರೆ ಗ್ಯಾರೇಜಿನ ಗೋಡೆಯೇ ಒದ್ದೆ, ಬಣ್ಣ ಇಲ್ಲದ ಪಿಲ್ಲರ್ ಮತ್ತು ಟೇಬಲ್ ಎರಡು ದಿನದಲ್ಲಿ ಕೆಂಪಗಾಗುತ್ತವೆ. ಕೆಲಸ ಮುಗಿದ ಮೇಲೆ 68 ನಂಬರ್ ಹೈಡ್ರಾಲಿಕ್ ಎಣ್ಣೆಯಲ್ಲಿ ಅರಿವೆ ಅದ್ದಿ ಒಂದು ಕೈ ಒರೆಸುತ್ತೇನೆ, ಮೇಲೆ ಹಳೇ ಕಾಟನ್ ಸೀರೆ ಹೊದಿಸುತ್ತೇನೆ. ಪ್ಲಾಸ್ಟಿಕ್ ಹೊದಿಸಬೇಡಿ, ಒಳಗೇ ಬೆವೆತು ಇನ್ನೂ ಬೇಗ ತುಕ್ಕು ಹತ್ತುತ್ತದೆ.