ಒಂಟಿ ನಳಿಗೆ ಕೋವಿಗೆ ಯಾವ ಪಿನ್ನು, ಯಾವ ಸ್ಪ್ರಿಂಗು?

ಮೊದಲೇ ಹೇಳಿಬಿಡುತ್ತೇನೆ. ಟ್ರಿಗರ್ ಎಳೆದಾಗ ಕೋವಿಯ ಕುದುರೆ, ಅಂದರೆ ಪುಟ್ಟ ಸುತ್ತಿಗೆಯಂಥ ಭಾಗ, ಪಿನ್ನಿಗೆ ಬಡಿಯುತ್ತದೆ, ಪಿನ್ನು ತೋಟೆಗೆ ಬಡಿಯುತ್ತದೆ. ಕುದುರೆ ಬಿದ್ದರೂ ತೋಟೆ ಹಾರುತ್ತಿಲ್ಲ ಅಂದರೆ ಕುದುರೆಗೆ ಗಟ್ಟಿ ಸ್ಪ್ರಿಂಗ್ ಹಾಕಿಸಲು ಓಡಬೇಡಿ. ನಮ್ಮ ಕಡೆ ಎಲ್ಲರೂ ಮೊದಲು ಕೊಡುವ ಸಲಹೆ ಅದೇ. ನಾನೂ ಹಾಗೇ ಮಾಡಿದೆ. ಒಂದೂವರೆ ವರ್ಷ, ನೂರರ ಹತ್ತಿರ ತೋಟೆ, ಮೂರು ಪಿನ್ನು, ಎರಡು ಕುದುರೆ ಸ್ಪ್ರಿಂಗು, ಪಿನ್ನನ್ನು ಹಿಂದಕ್ಕೆ ತರುವ ಎರಡು ವಾಪಸಾತಿ ಸ್ಪ್ರಿಂಗು ಹಾಕಿ ನೋಡಿದ ಮೇಲೆ ಇದನ್ನು ಬರೆಯುತ್ತಿದ್ದೇನೆ.

ಕೋವಿ 12 ಬೋರಿನದು, ಒಂಟಿ ನಳಿಗೆ, ಮಡಚಿ ತೋಟೆ ತುಂಬುವಂಥದ್ದು, ಕುದುರೆ ಹೊರಗಡೆ ಇದೆ. ಅಪ್ಪಯ್ಯನ ಕಾಲದ್ದು, ಈಗ ಲೈಸೆನ್ಸು ನನ್ನ ಹೆಸರಿಗಿದೆ. ತೀರ್ಥಹಳ್ಳಿ ಹತ್ತಿರದ ನಮ್ಮ ಊರಿನಲ್ಲಿ ಕೋವಿ ಇರುವುದು ಬೆಳೆ ಕಾಯುವುದಕ್ಕೆ. ಭತ್ತ ಹಾಲುಗಟ್ಟುವ ಹೊತ್ತಿಗೆ ಹಂದಿ ಇಳಿಯುತ್ತವೆ, ಆಗ ಧರೆಯ ಮಣ್ಣಿಗೆ ಒಂದು ಈಡು ಹೊಡೆದರೆ ಆ ಸದ್ದಿಗೆ ಓಡುತ್ತವೆ. ಸದ್ದೇ ಬರದಿದ್ದರೆ?

2024ರ ಲೋಕಸಭೆ ಚುನಾವಣೆಗೆ ಎಲ್ಲರ ಹಾಗೆ ನಾನೂ ಕೋವಿಯನ್ನು ಠೇವಣಿ ಇಟ್ಟಿದ್ದೆ. ಕೊಡುವ ಮುಂಚೆ ತುಕ್ಕು ಹಿಡಿಯಬಾರದು ಅಂತ ಕೊಬ್ಬರಿ ಎಣ್ಣೆ ಧಾರಾಳವಾಗಿ ಬಿಟ್ಟಿದ್ದೆ, ಪಿನ್ನಿನ ತೂತಿಗೂ ಸೇರಿಸಿ. ವಾಪಸ್ ಬಂದಾಗ ಜೂನ್, ಮಳೆ ಹಿಡಿದಿತ್ತು. ಹೊರಗಡೆ ಒರೆಸಿ ಎತ್ತಿಟ್ಟೆ. ಕಾರ್ತಿಕದಲ್ಲಿ ತೆಗೆದರೆ 12 ತೋಟೆಯಲ್ಲಿ 3 ಹಾರಲಿಲ್ಲ. ಆ ಮೂರರಲ್ಲಿ ಎರಡು ಎರಡನೇ ಹೊಡೆತಕ್ಕೆ ಹಾರಿದವು.

ಎರಡನೇ ಹೊಡೆತಕ್ಕೆ ಹಾರಿತು ಅಂದರೆ ತೋಟೆಯಲ್ಲಿ ಜೀವ ಇದೆ, ಏಟು ಸಾಲಲಿಲ್ಲ ಅಂತಲೇ ಅರ್ಥ. ಮುಂದಿನದ್ದೆಲ್ಲ ಇಲ್ಲಿಂದಲೇ ಶುರುವಾಗುತ್ತದೆ. ತೋಟೆಯ ಬುಡದ ನಡುವೆ ಪಿನ್ನು ಬಡಿಯುವ ಪುಟ್ಟ ಭಾಗವೇ ಕೇಪು, ಅದರ ಒಳಗೆ ಏನಿದೆ ಗೊತ್ತಲ್ಲ? ತೆಳ್ಳಗಿನ ಲೋಹದ ಬಟ್ಟಲು, ಅದರ ಒಳಗೆ ಮದ್ದು, ಮದ್ದಿನ ಎದುರಿಗೆ ಕಮ್ಮಾರರ ಅಡಿಗಲ್ಲಿನ ಹಾಗೆ ಪುಟ್ಟದಾದ ಒಂದು ಲೋಹದ ಮೊನೆ. ಪಿನ್ನು ಬಟ್ಟಲನ್ನು ಒಳಗೆ ತಳ್ಳಿದಾಗ ಮದ್ದು ಎರಡರ ನಡುವೆ ಜಜ್ಜಿ ಕಿಡಿ ಹುಟ್ಟುತ್ತದೆ. ಮೆಲ್ಲಗೆ ಒತ್ತಿದರೆ ಹುಟ್ಟುವುದಿಲ್ಲ, ಚುರುಕಾಗಿ ಬೀಳಬೇಕು, ಸಾಕಷ್ಟು ಆಳಕ್ಕೂ ಹೋಗಬೇಕು. ಚುರುಕು ಕುದುರೆ ಸ್ಪ್ರಿಂಗಿನ ಕೆಲಸ. ಆಳ ಪಿನ್ನಿನ ಉದ್ದದ ಕೆಲಸ. ನಾವು ಈ ಎರಡನ್ನು ಒಂದೇ ಅಂದುಕೊಳ್ಳುತ್ತೇವೆ, ತೊಂದರೆ ಅಲ್ಲೇ ಇರುವುದು.

ಹಾರದ ತೋಟೆ ಕೈಯಲ್ಲಿದ್ದಾಗ ಒಂದು ಮಾತು. ಕೋವಿಯನ್ನು ತಕ್ಷಣ ಮಡಚಬೇಡಿ. ಮದ್ದು ತಡವಾಗಿ ಹೊತ್ತಿಕೊಳ್ಳುವುದುಂಟು. ನಳಿಗೆಯನ್ನು ಮಣ್ಣಿನ ಕಡೆಗೇ ಹಿಡಿದು ಒಂದು ನಿಮಿಷ ಕಾಯಿರಿ, ಆಮೇಲೆ ತೆಗೆಯಿರಿ.

ಶಿವಮೊಗ್ಗದಲ್ಲಿ ಲೈಸೆನ್ಸು ಇರುವ ರಿಪೇರಿ ಅಂಗಡಿಯ ಮೇಸ್ತ್ರಿ ಪಿನ್ನು ಬಿಚ್ಚಿ ತೋರಿಸಿದಾಗ ನನಗೆ ನಿಜವಾಗಿ ಬೇಜಾರಾಯಿತು. ತೂತಿನ ತುಂಬ ಬೆಲ್ಲದ ಪಾಕದ ಹಾಗೆ ಅಂಟು. ಕೊಬ್ಬರಿ ಎಣ್ಣೆ 24 ಡಿಗ್ರಿಗಿಂತ ಕೆಳಗೆ ಹೋದರೆ ಗಟ್ಟಿಯಾಗುತ್ತದೆ, ನಮ್ಮ ಮಾರ್ಗಶಿರದ ರಾತ್ರಿ ಅದಕ್ಕಿಂತ ಎಷ್ಟೋ ತಣ್ಣಗಿರುತ್ತದೆ. ಬಾಟಲಿಯಲ್ಲಿ ಬೆಣ್ಣೆಯಾಗಿ ಕೂತ ಎಣ್ಣೆಯನ್ನು ಬಿಸಿಲಿಗೆ ಇಡುವ ನಾವು ಅದನ್ನೇ ಪಿನ್ನಿನ ಸುತ್ತ ತುಂಬಿದ್ದೆವು. ಕುದುರೆಯ ಅರ್ಧ ಶಕ್ತಿ ಆ ಅಂಟನ್ನು ಸರಿಸುವುದಕ್ಕೇ ಹೋಗುತ್ತಿತ್ತು. ಸೀಮೆಎಣ್ಣೆಯಲ್ಲಿ ತೊಳೆದು ಒಣಗಿಸಿ, ಹೊಲಿಗೆ ಮಿಷನ್ ಎಣ್ಣೆ ಬಟ್ಟೆಗೆ ಹಚ್ಚಿ ಪಿನ್ನನ್ನು ಒರೆಸಿದರು ಅಷ್ಟೇ. ಅದೇ ಹಳೇ ಪಿನ್ನು, ಅದೇ ಸ್ಪ್ರಿಂಗು. ಮುಂದಿನ 12ರಲ್ಲಿ 1 ಮಾತ್ರ ಹಾರಲಿಲ್ಲ. ಮೂರರಲ್ಲಿ ಎರಡು ಪಾಲು ರೋಗ ಖರ್ಚಿಲ್ಲದೆ ವಾಸಿಯಾಯಿತು.

ಆ ಒಂದೂ ಹೋಗಲಿ ಅಂತ ಗಟ್ಟಿ ಸ್ಪ್ರಿಂಗ್ ಹಾಕಿಸಿದೆ. ಮೇಸ್ತ್ರಿ ಬೇಡ ಅಂದರು, ನಾನೇ ಒತ್ತಾಯ ಮಾಡಿದ್ದು. 15 ತೋಟೆ ಹೊಡೆದೆ, ಒಂದೂ ಠುಸ್ ಆಗಲಿಲ್ಲ. ಇಲ್ಲಿಗೆ ಬಿಟ್ಟಿದ್ದರೆ ನಾನೂ ಊರಿಗೆಲ್ಲ ಗಟ್ಟಿ ಸ್ಪ್ರಿಂಗೇ ಸರಿ ಅಂತ ಹೇಳಿಕೊಂಡು ತಿರುಗುತ್ತಿದ್ದೆ. ಆದರೆ ಮಳೆಯಲ್ಲಿ ನೆಂದ ಹೆಬ್ಬೆರಳಿನಿಂದ ಕುದುರೆ ಎಳೆಯುವಾಗ ಒಂದು ಸಲ ಅರ್ಧದಲ್ಲಿ ಜಾರಿತು. ಅದೃಷ್ಟಕ್ಕೆ ತೋಟೆ ಹಾಕಿರಲಿಲ್ಲ. ಹೊರಗಿನ ಕುದುರೆಯ ಕೋವಿಯಲ್ಲಿ ಇದಕ್ಕಿಂತ ಕೆಟ್ಟದ್ದು ಬೇರೆ ಇಲ್ಲ. ಟ್ರಿಗರ್ ಕೂಡ ಬಿಗಿಯಾಯಿತು, ಎಳೆದಾಗ ನಳಿಗೆ ಪಕ್ಕಕ್ಕೆ ವಾಲುತ್ತಿತ್ತು. ಪಿನ್ನಿನ ಹಿಂಭಾಗ, ಕುದುರೆ ಬಡಿಯುವ ಜಾಗ, ಅಣಬೆಯ ಹಾಗೆ ಅರಳಲು ಶುರುವಾಗಿತ್ತು.

ಆಮೇಲೆ ಮೇಸ್ತ್ರಿ ಒಂದು ಪರೀಕ್ಷೆ ತೋರಿಸಿದರು. ಹಾರಿದ ತೋಟೆಯ ಕೇಪು ತೆಗೆದು ಆ ಕುಳಿಗೆ ಸೀಸದ ಬಿಲ್ಲೆ ಕೂರಿಸುವುದು, ಖಾಲಿ ಕೋವಿಗೆ ಅದನ್ನು ಹಾಕಿ ಕುದುರೆ ಬಿಡುವುದು, ಗುಂಡಿಯ ಆಳ ಅಳೆಯುವುದು. ತೋಟೆ ಖರ್ಚಾಗುವುದಿಲ್ಲ. ಹಳೇ ಪಿನ್ನಿಗೆ ಹಳೇ ಸ್ಪ್ರಿಂಗ್ ಇದ್ದಾಗ ಗುಂಡಿ 0.6 ಮಿ.ಮೀ. ಗಟ್ಟಿ ಸ್ಪ್ರಿಂಗ್ ಹಾಕಿದಾಗ 0.7. ಅಷ್ಟೇ! ಯಾಕೆ ಅಂದರೆ ಕುದುರೆ ಪೂರ್ತಿ ಇಳಿದಾಗ ಆ ಪಿನ್ನು ತೋಟೆಯ ಬುಡ ಒರಗುವ ಲೋಹದ ಮುಖದಿಂದ ಹೊರಗೆ ಬರುತ್ತಿದ್ದದ್ದೇ 0.8 ಮಿ.ಮೀ. ಎಷ್ಟು ಜೋರಾಗಿ ಹೊಡೆದರೂ ಪಿನ್ನು ಇರುವಷ್ಟೇ ತಾನೇ ಹೋಗುವುದು? ಇಂಥ ಕೋವಿಗಳಲ್ಲಿ ಸಾಮಾನ್ಯವಾಗಿ ಪಿನ್ನು 1ರಿಂದ 1.5 ಮಿ.ಮೀ. ಹೊರಗೆ ಬರಬೇಕು. ನಮ್ಮದರ ತುದಿ ವರ್ಷಾನುಗಟ್ಟಲೆ ಸವೆದು, ತುಕ್ಕು ತಿಂದು ಮೊಂಡಾಗಿತ್ತು. ನಾನು ಗಟ್ಟಿ ಸ್ಪ್ರಿಂಗಿನಿಂದ ಮಾಡಿದ್ದು ಗಿಡ್ಡ ಮೊಳೆಗೆ ದೊಡ್ಡ ಸುತ್ತಿಗೆ ತಂದ ಕೆಲಸ.

ಈಗ ಪಿನ್ನುಗಳ ವಿಷಯ.

ಮೊದಲನೆಯದು ಲೇತ್ ಪಿನ್ನು. ಮೆದು ಉಕ್ಕು, ಹದ ಹಾಕಿದ್ದಲ್ಲ, ಬೇಗ ಸಿಗುತ್ತದೆ, ಅಗ್ಗ. ನನಗೆ 300 ರೂಪಾಯಿಗೆ ಆಯಿತು. ಹೊರಬರುವ ಉದ್ದ 1.3 ಮಿ.ಮೀ. ಇಡಿಸಿ ಹಳೇ ಸ್ಪ್ರಿಂಗನ್ನೇ ವಾಪಸ್ ಹಾಕಿಸಿದೆ. ಸೀಸದ ಗುಂಡಿ 1.1ಕ್ಕೆ ಹೋಯಿತು, ಗಟ್ಟಿ ಸ್ಪ್ರಿಂಗಿಗಿಂತ ಎಷ್ಟೋ ಜಾಸ್ತಿ ಅಲ್ವಾ? ಮೊದಲ 17 ತೋಟೆ ಚೆನ್ನಾಗಿ ಹಾರಿದವು, 18ನೆಯದು ಹಾರಲಿಲ್ಲ. ತೆಗೆದು ನೋಡಿದರೆ ತುದಿ ಚಪ್ಪಟೆಯಾಗಿ, ಅಂಚು ಅರಳಿ, ತೂತಿನಲ್ಲಿ ಉಜ್ಜುತ್ತಿತ್ತು. ಹಂಗಾಮಿನ ನಡುವೆ ತುರ್ತಿಗೆ ಬೇಕಾದರೆ ಸರಿ, ನಂಬಿಕೊಂಡು ಕೂರುವುದಕ್ಕೆ ಆಗದು.

ಎರಡನೆಯದನ್ನು ಬೇರೊಬ್ಬರಿಂದ ಮಾಡಿಸಿದೆ. ಒಳ್ಳೆಯ ಉಕ್ಕು, ಕೆಂಪಗೆ ಕಾಸಿ ಎಣ್ಣೆಗೆ ಅದ್ದಿ ಅಷ್ಟಕ್ಕೇ ಬಿಟ್ಟಿದ್ದರು. ಗಾಜಿನಷ್ಟು ಗಟ್ಟಿ. ಅರ ಹಾಕಿದರೆ ಗೀರೂ ಬೀಳುತ್ತಿರಲಿಲ್ಲ, ನೋಡಿ ನನಗೆ ಖುಷಿಯಾಗಿತ್ತು. 7ನೇ ಈಡಿಗೆ ತುದಿ ಮುರಿಯಿತು. ಮುರಿದ ಚೂರು ತೂತಿನಲ್ಲಿ ಸಿಕ್ಕಿ, ಉಳಿದ ಪಿನ್ನಿನ ಮೊನೆ ಚೂಪಾಗಿ ಹೋಗಿತ್ತು. ಚೂಪಿನ ಮೊನೆ ಕೇಪನ್ನೇ ತೂತು ಮಾಡುತ್ತದೆ, ಬಿಸಿ ಹೊಗೆ ಹಿಂದಕ್ಕೆ ಕಣ್ಣಿನ ಕಡೆಗೆ ಬರುತ್ತದೆ. ಪಿನ್ನು ವಿಪರೀತ ಉದ್ದ ಇದ್ದರೂ ಇದೇ ಅಪಾಯ. ಆ ರಾತ್ರಿ ಇನ್ನೊಂದು ತೋಟೆ ತುಂಬದೆ ಮನೆಗೆ ಬಂದದ್ದು ಒಳ್ಳೆಯದಾಯಿತು.

ಮೂರನೆಯದು ಮೇಸ್ತ್ರಿಯವರದೇ. ಅದ್ದಿದ ಮೇಲೆ ಮತ್ತೆ ನಿಧಾನವಾಗಿ ಬಿಸಿ ಮಾಡಿ ನೀಲಿ ಬಣ್ಣ ಬರುವ ತನಕ ಹದ ಇಳಿಸಿದ್ದು. ನೀಲಿ ಬರುವುದು 300 ಡಿಗ್ರಿ ಸುತ್ತಮುತ್ತ. ನಮ್ಮ ಕಮ್ಮಾರರು ಕತ್ತಿಗೆ ಹದ ಹಾಕುವಾಗ ಬಣ್ಣ ನೋಡುತ್ತಾರಲ್ಲ, ಅದೇ ಕಣ್ಣಳತೆ. ತುದಿಯನ್ನು ಅರ್ಧ ಗೋಲಿಯ ಆಕಾರಕ್ಕೆ ಉಜ್ಜಿ ಹೊಳಪು ಕೊಟ್ಟಿದ್ದರು. ಉದ್ದ ಅದೇ 1.3. ಬೆಲೆ 900 ರೂಪಾಯಿ. ಹಳೇ ಸ್ಪ್ರಿಂಗಿನ ಜೊತೆ ಇದುವರೆಗೆ 30 ತೋಟೆ ಹೊಡೆದಿದ್ದೇನೆ, ಒಂದೂ ತಪ್ಪಿಲ್ಲ. ಪ್ರತಿ ಕೇಪಿನ ಮೇಲೂ ನಡುವೆ, ದುಂಡಗೆ, ನುಣ್ಣಗೆ ಗುಂಡಿ. ಆ ಖಾಲಿ ತೋಟೆಗಳನ್ನು ಸಾಲಾಗಿ ಇಟ್ಟು ನೋಡಿದರೆ ಒಂದೇ ಅಚ್ಚಿನಿಂದ ಬಂದ ಹಾಗಿವೆ. ಮೂರರಲ್ಲಿ ನನ್ನ ಆಯ್ಕೆ ಇದೇ, ಅನುಮಾನವೇ ಇಲ್ಲ.

ವಾಪಸಾತಿ ಸ್ಪ್ರಿಂಗ್ ಬಗ್ಗೆ ಯಾರೂ ಮಾತಾಡುವುದಿಲ್ಲ. ಪಿನ್ನನ್ನು ಹೊಡೆದ ಮೇಲೆ ಹಿಂದಕ್ಕೆ ಎಳೆದುಕೊಳ್ಳುವ ಪುಟ್ಟ ಸ್ಪ್ರಿಂಗ್ ಅದು. ನಮ್ಮದು ಸೋತು ಹೋಗಿತ್ತು, ಹಾಗಾಗಿ ಪಿನ್ನಿನ ತುದಿ ಕೇಪಿನ ಗುಂಡಿಯಲ್ಲೇ ಕೂತಿರುತ್ತಿತ್ತು. ಕೋವಿ ಮಡಚುವಾಗ ಬಿಗಿ ಅನ್ನಿಸುತ್ತಿದ್ದದ್ದು ಅದಕ್ಕೇ. ನಳಿಗೆ ಕೆಳಗೆ ತಿರುಗುವಾಗ ಪಿನ್ನಿನ ಮೂತಿಯನ್ನು ಅಡ್ಡಕ್ಕೆ ತಿರುಚುತ್ತದೆ, ಗಟ್ಟಿ ಪಿನ್ನು ಮುರಿದದ್ದರಲ್ಲಿ ಇದರ ಪಾಲೂ ಇತ್ತು ಅಂತ ನನಗೆ ಖಚಿತವಾಗಿ ಅನ್ನಿಸುತ್ತದೆ. ಮೊದಲು ದಪ್ಪ ತಂತಿಯದು ಹಾಕಿ ನೋಡಿದೆವು. ಮಡಚಲು ಸಲೀಸಾಯಿತು, ಆದರೆ ಸೀಸದ ಗುಂಡಿ 1.1ರಿಂದ 0.9ಕ್ಕೆ ಇಳಿಯಿತು, ಕುದುರೆಯ ಏಟನ್ನು ಅದೇ ತಿನ್ನುತ್ತಿತ್ತು. ತೆಳ್ಳಗಿನ ತಂತಿಯದು ಸರಿಯಾಯಿತು. ಪಿನ್ನನ್ನು ಬೆರಳಿನಿಂದ ಒತ್ತಿ ಬಿಟ್ಟರೆ ಟಕ್ ಅಂತ ಹಿಂದೆ ಹೋಗಬೇಕು, ಅಷ್ಟು ಸಾಕು.

ನನ್ನ ಅಕ್ಕನ ಮಗ ಬೆಂಗಳೂರಿನಲ್ಲಿ .32 ಪಿಸ್ತೂಲಿನ 25 ಮೀಟರ್ ಸ್ಪರ್ಧೆ ಅಭ್ಯಾಸ ಮಾಡುತ್ತಾನೆ. ಅವನ ಕಷ್ಟ ನನ್ನದಕ್ಕೆ ತಿರುವುಮುರುವು. ಅಲ್ಲಿನವರು ಟ್ರಿಗರ್ ಹಗುರಾಗಲಿ ಅಂತ ಕುದುರೆ ಸ್ಪ್ರಿಂಗನ್ನು ಸಡಿಲ ಮಾಡಿಸುತ್ತಾರೆ, ಆಮೇಲೆ ಕೇಪು ಸ್ವಲ್ಪ ಗಟ್ಟಿ ಇರುವ ಗುಂಡು ಬಂದರೆ ಹಾರುವುದಿಲ್ಲ. ಆ ಸ್ಪರ್ಧೆಯಲ್ಲಿ ಟ್ರಿಗರ್ ತೂಕ, ಅಂದರೆ ಅದನ್ನು ಎಳೆಯಲು ಬೇಕಾದ ಬಲ, ಹೇಗೂ 1000 ಗ್ರಾಮಿಗಿಂತ ಕಮ್ಮಿ ಇರುವಂತಿಲ್ಲ. ಅವನಿಗೂ ನಾನು ಹೇಳಿದ್ದು ಇದನ್ನೇ: ಸ್ಪ್ರಿಂಗ್ ಮುಟ್ಟುವ ಮುಂಚೆ ಪಿನ್ನು ಬಿಚ್ಚಿ ತೊಳೆಸು, ಉದ್ದ ಅಳೆಸು.

ತೋಟೆಯ ತಪ್ಪೂ ಇರುತ್ತದೆ. ಹಾರದ ತೋಟೆಯ ಕೇಪು ನೋಡಿ. ಗುಂಡಿ ಮೇಲುಮೇಲೆ ಇದ್ದರೆ ಕೋವಿಯನ್ನು ನೋಡಬೇಕು. ಆಳವಾಗಿ, ನಡುವೆಯೇ ಬಿದ್ದಿದ್ದರೂ ಹಾರದಿದ್ದರೆ ತೋಟೆ ಶೀತ ಹಿಡಿದಿದೆ. ಆಗುಂಬೆಯಲ್ಲಿ ವರ್ಷಕ್ಕೆ 7 ಸಾವಿರ ಮಿ.ಮೀ. ದಾಟಿ ಮಳೆ ಸುರಿಯುತ್ತದೆ, ಅದರ ಮಗ್ಗುಲಲ್ಲಿರುವ ನಮಗೆ ಶೀತ ಬಿಟ್ಟೀತಾ? ಕಾಗದದ ತೋಟೆ ಇದ್ದರೆ ಉಬ್ಬಿ ನಳಿಗೆಗೇ ಇಳಿಯುವುದಿಲ್ಲ. ಪ್ಲಾಸ್ಟಿಕ್‌ನದು ವಾಸಿ. ದಯವಿಟ್ಟು ಒಲೆಯ ಮೇಲಿನ ಅಟ್ಟದಲ್ಲಿ ಇಡಬೇಡಿ, ಬೆಚ್ಚಗಿರುತ್ತದೆ ಅಂತ ಇಡುವವರು ಇನ್ನೂ ಇದ್ದಾರೆ. ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿ, ಒಳಗೆ ಸಿಲಿಕಾ ಜೆಲ್ ಪೊಟ್ಟಣ, ಬೀಗ ಇರುವ ಕಪಾಟು.

ಇನ್ನೊಂದು. ನಳಿಗೆಯ ಕೀಲು ಸಡಿಲವಾಗಿ ಅಲ್ಲಾಡುತ್ತಿದ್ದರೆ ಯಾವ ಪಿನ್ನು ಹಾಕಿಯೂ ಉಪಯೋಗವಿಲ್ಲ. ತೋಟೆ ಮುಂದಕ್ಕೆ ಸರಿದು ಪಿನ್ನಿನ ಉದ್ದವನ್ನೆಲ್ಲ ಆ ಸಂದು ನುಂಗುತ್ತದೆ. ಹಾಗಿರುವ ಕೋವಿಯಿಂದ ಹೊಡೆಯಲೇಬಾರದು, ಮೊದಲು ಕೀಲು ಸರಿ ಮಾಡಿಸಿ. ಈ ಕೆಲಸ ಯಾವುದನ್ನೂ ಲೈಸೆನ್ಸು ಇಲ್ಲದವರ ಕೈಗೆ ಕೊಡಬೇಡಿ, ಕೊಡುವಾಗ ಲೈಸೆನ್ಸು ಪುಸ್ತಕ ಜೊತೆಗೇ ಒಯ್ಯಿರಿ.

ನನ್ನ ಕೋವಿಯಲ್ಲಿ ಈಗ ಇರುವುದು ನೀಲಿ ಹದದ ಪಿನ್ನು, ತೆಳ್ಳಗಿನ ವಾಪಸಾತಿ ಸ್ಪ್ರಿಂಗು, ಅಪ್ಪಯ್ಯನ ಕಾಲದ ಅದೇ ಕುದುರೆ ಸ್ಪ್ರಿಂಗು. ಗಟ್ಟಿ ಸ್ಪ್ರಿಂಗನ್ನು ಮೇಸ್ತ್ರಿಗೇ ವಾಪಸ್ ಕೊಟ್ಟೆ. ಮಳೆಗಾಲ ಮುಗಿದ ಮೇಲೆ, ಗದ್ದೆಗೆ ಕಾವಲು ಹೋಗುವ ಮುಂಚೆ, ಪಿನ್ನು ಬಿಚ್ಚಿಸಿ ತೊಳೆಸಿ ಮತ್ತೊಂದು ಸೀಸದ ಬಿಲ್ಲೆ ಹೊಡೆಸುತ್ತೇನೆ. ಗುಂಡಿ 1 ಮಿ.ಮೀ.ಗಿಂತ ಕಮ್ಮಿ ಬಂದರೆ ಹೊಸ ಪಿನ್ನು ಮಾಡಿಸುವುದು ಅಂತ ಇಬ್ಬರೂ ಮಾತಾಡಿಕೊಂಡಿದ್ದೇವೆ.