ಹುಲ್ಲಹಳ್ಳಿ ಕಡೆಯ ತೋಟದ ಮನೆ, ನಕ್ಷತ್ರ ನೋಡೋರಿಗೆ ಹೇಗಿದೆ?

ಮೊದಲೇ ಹೇಳಿಬಿಡುತ್ತೇನೆ, ಜಾಗ ಚೆನ್ನಾಗಿದೆ, ಮತ್ತೆ ಹೋಗುತ್ತೇವೆ. ಹೆಸರು ಮಾತ್ರ ಹಾಕುತ್ತಿಲ್ಲ, ಮನೆಯವರೇ ಬೇಡ ಎಂದರು. ಹಿಂದೆ ಒಂದು ಗುಂಪು ಬಂದು ರಾತ್ರಿಯೆಲ್ಲಾ ಸ್ಪೀಕರ್ ಹಾಕಿ ಕುಣಿದು ಹೋದ ಮೇಲೆ ಅವರು ಗುರುತಿನವರ ಮೂಲಕ ಬಂದವರಿಗೆ ಮಾತ್ರ ಕೊಡುತ್ತಾರೆ. ನಂಜನಗೂಡು ತಾಲ್ಲೂಕು, ಹುಲ್ಲಹಳ್ಳಿ ದಾಟಿ ಒಳಗೆ, ಮೈಸೂರಿಂದ ಹೆಚ್ಚುಕಮ್ಮಿ 45 ಕಿ.ಮೀ. ಎರಡು ರೂಮು, ಒಂದು ಹಜಾರ, ಮೇಲೆ ಅಗಲವಾದ ತಾರಸಿ. ಈ ಭಾಗದಲ್ಲಿ ಇಂಥ ಮನೆಗಳು ಇನ್ನೂ ಇವೆ, ಹಾಗಾಗಿ ಬೇರೆ ಮನೆ ಹುಡುಕುವವರಿಗೂ ಇದು ಉಪಯೋಗಕ್ಕೆ ಬರಬಹುದು.

ನಾವು ಹನ್ನೊಂದು ಜನ. ನನ್ನ ಆಫೀಸಿನವರು ನಾಲ್ವರು, ನಮ್ಮ ಬೀದಿಯ ಎರಡು ಸಂಸಾರ, ಅದರಲ್ಲಿ ಮೂರು ಮಕ್ಕಳು. ಹೋಗಿದ್ದು ಫೆಬ್ರವರಿ 14, ಶನಿವಾರ. ಮರುದಿನ ಶಿವರಾತ್ರಿ. ಈ ದಿನವನ್ನೇ ಯಾಕೆ ಆರಿಸಿದೆವು ಅಂದರೆ, ಶಿವರಾತ್ರಿ ಬರುವುದೇ ಅಮಾವಾಸ್ಯೆಯ ಹಿಂದಿನ ಚತುರ್ದಶಿಗೆ. ಅಂದರೆ ಆ ಆಸುಪಾಸಿನ ರಾತ್ರಿಗಳಲ್ಲಿ ಚಂದ್ರ ಇರುವುದೇ ಇಲ್ಲ ಅನ್ನಬಹುದು, ಮಳೆಗಾಲದ ಮೋಡವೂ ಇಲ್ಲ, ಚಳಿಯೂ ತಡೆಯುವಷ್ಟೇ. ನಕ್ಷತ್ರ ನೋಡೋಕೆ ಇದಕ್ಕಿಂತ ಒಳ್ಳೆ ದಿನ ಪಂಚಾಂಗದಲ್ಲಿ ಹುಡುಕಬೇಕಿಲ್ಲ. ನಂಜನಗೂಡಿನಲ್ಲಿ ಶ್ರೀಕಂಠೇಶ್ವರನ ದರ್ಶನಕ್ಕೆ ಬರುವವರ ವಾಹನ ಜಾಸ್ತಿ ಇತ್ತು, ಅದಕ್ಕೆ ಸಂಜೆ ನಾಲ್ಕಕ್ಕೇ ಹೊರಟಿದ್ದು ಒಳ್ಳೆಯದಾಯಿತು.

ಈಗ ಮುಖ್ಯ ವಿಷಯ, ಜಾಗದ ದಿಕ್ಕು. ಎಲ್ಲರೂ ಕತ್ತಲು ಎಷ್ಟಿದೆ ಅಂತ ಕೇಳುತ್ತಾರೆ, ಊರು ಯಾವ ಕಡೆ ಇದೆ ಅಂತ ಯಾರೂ ಕೇಳುವುದಿಲ್ಲ. ಎರಡು ವರ್ಷದ ಹಿಂದೆ ನಾವು ಮೇಲುಕೋಟೆ ಹತ್ತಿರ ಹೋಗಿದ್ದೆವು. ತಲೆ ಮೇಲಿನ ಆಕಾಶ ಬಹಳ ಚೆನ್ನಾಗಿತ್ತು. ಆದರೆ ಮೈಸೂರು ಅಲ್ಲಿಂದ ನೇರ ದಕ್ಷಿಣಕ್ಕೆ. ಊರಿನ ಬೆಳಕು ದಕ್ಷಿಣದ ಅಂಚಿನಲ್ಲಿ ಹಳದಿಯಾಗಿ ಹಬ್ಬಿಕೊಂಡು, ನಾವು ನೋಡಬೇಕೆಂದಿದ್ದ ತ್ರಿಶಂಕು, ಅಂದರೆ ಸದರ್ನ್ ಕ್ರಾಸ್ ಅನ್ನುವ ನಾಲ್ಕು ನಕ್ಷತ್ರಗಳ ಪುಂಜ, ಆ ಮಬ್ಬಿನಲ್ಲೇ ಹುದುಗಿಹೋಯಿತು. ನಮ್ಮ ಕಡೆಯವರಿಗೆ ದಕ್ಷಿಣದ ಆಕಾಶವೇ ಆಸ್ತಿ. ಮೈಸೂರು ಇರುವುದು ಸುಮಾರು 12 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ, ಆದ್ದರಿಂದ ದೆಹಲಿಯವರಿಗೆ ದಿಗಂತಕ್ಕೆ ಅಂಟಿಕೊಂಡಂತೆ ಇರುವ ತ್ರಿಶಂಕು ನಮಗೆ ಅದಕ್ಕಿಂತ ಎಷ್ಟೋ ಮೇಲೆ, 17 ಡಿಗ್ರಿಯವರೆಗೆ ಏರುತ್ತದೆ. ತಮಿಳುನಾಡಿನ ಕಾವಲೂರಿನಲ್ಲಿರುವ ವೇಣು ಬಾಪ್ಪು ವೀಕ್ಷಣಾಲಯ ಹೆಚ್ಚುಕಮ್ಮಿ ನಮ್ಮ ಮಂಡ್ಯದ ಅಕ್ಷಾಂಶದಲ್ಲೇ ಇದೆ, ಆ ಜಾಗ ಆರಿಸಿದ್ದಕ್ಕೆ ದಕ್ಷಿಣದ ಆಕಾಶ ಸಿಗುತ್ತದೆ ಅನ್ನುವುದೂ ಒಂದು ಕಾರಣ. ಅಂಥದ್ದನ್ನು ನಾವೇ ಬಿಟ್ಟುಕೊಡಬಾರದು, ಅಲ್ವಾ?

ಈ ತೋಟದ ಮನೆ ಮೈಸೂರಿನ ದಕ್ಷಿಣಕ್ಕಿದೆ. ಊರಿನ ಬೆಳಕು ಉತ್ತರದಲ್ಲಿ, ನಮ್ಮ ಬೆನ್ನ ಹಿಂದೆ. ಆ ಕಡೆ ಕಳೆದುಕೊಂಡದ್ದು ಧ್ರುವನ ಸುತ್ತಮುತ್ತ ಒಂದಿಷ್ಟು ಮಾತ್ರ. ಕೈ ಚಾಚಿ ಮುಷ್ಟಿ ಹಿಡಿದರೆ ಸುಮಾರು ಹತ್ತು ಡಿಗ್ರಿ, ಧ್ರುವ ನಮ್ಮಲ್ಲಿ ದಿಗಂತದಿಂದ ಒಂದು ಮುಷ್ಟಿಗಿಂತ ಸ್ವಲ್ಪ ಮೇಲೆ ಅಷ್ಟೇ. ತೆಂಗಿನ ಮರಗಳೂ ಉತ್ತರ ಮತ್ತು ಪಶ್ಚಿಮಕ್ಕಿವೆ. ದಕ್ಷಿಣಕ್ಕೆ ಬಾಳೆ, ಅದರಾಚೆ ಗದ್ದೆ, ತಾರಸಿಯಿಂದ ಎಲ್ಲಾ ತೆರೆದುಕೊಂಡಿದೆ. ತಾರಸಿ ಇರುವ ಮನೆಯನ್ನೇ ನೋಡಿ ಅಂತ ಹೇಳುವುದಕ್ಕೆ ಇನ್ನೊಂದು ಕಾರಣ, ಈ ಸೀಮೆಯಲ್ಲಿ ಚಿರತೆ ಓಡಾಡುತ್ತದೆ. ಮಕ್ಕಳನ್ನು ಕಟ್ಟಿಕೊಂಡು ಗದ್ದೆ ಬಯಲಲ್ಲಿ ಮಲಗುವ ಆಸೆ ಬೇಡ.

ತೊಂದರೆ ಆಗಿದ್ದು ಬೆಳಕಿಂದಲೇ. ಅಂಗಳದ ದೀಪ, ಕೊಟ್ಟಿಗೆಯ ದೀಪ ಆರಿಸಲು ಯಜಮಾನರು ಒಂದು ಮಾತೂ ಆಡಲಿಲ್ಲ. ಆದರೆ ಮೆಟ್ಟಿಲ ಹತ್ತಿರ ಒಂದು ಸೋಲಾರ್ ಲೈಟ್ ಇದೆ, ಯಾರಾದರೂ ಸುಳಿದರೆ ತಾನೇ ಹತ್ತಿಕೊಳ್ಳುವಂಥದ್ದು. ಕಣ್ಣು ಕತ್ತಲಿಗೆ ಹೊಂದಿಕೊಳ್ಳಲು ಇಪ್ಪತ್ತು ನಿಮಿಷದಿಂದ ಅರ್ಧ ಗಂಟೆ ಬೇಕು, ಒಂದು ಬಿಳಿ ಬೆಳಕು ಬಿದ್ದರೆ ಅಷ್ಟೂ ಹೋಯಿತು. ಬೆಕ್ಕು ಹಾದರೂ ಹತ್ತುತ್ತಿತ್ತು. ಮೂರು ಸಲ ಹೀಗಾದ ಮೇಲೆ ಯಜಮಾನರೇ ಏಣಿ ತಂದು ಅದಕ್ಕೆ ಗೋಣಿಚೀಲ ಸುತ್ತಿ ಹಗ್ಗ ಕಟ್ಟಿದರು. ಬೇರೆ ಕಡೆ ಬುಕ್ ಮಾಡುವವರು ಫೋನಿನಲ್ಲೇ ಈ ಲೈಟಿನ ವಿಷಯ ಕೇಳಿ. ಬಚ್ಚಲುಮನೆ ಒಂದೇ ಇದೆ, ಹನ್ನೊಂದು ಜನಕ್ಕೆ ಕಷ್ಟ. ಅದರ ಬಲ್ಬಿಗೆ, ನಮ್ಮ ಟಾರ್ಚುಗಳಿಗೆ ನಾಟಕದವರು ಬಳಸುವ ಕೆಂಪು ಜಿಲೇಟಿನ್ ಪೇಪರ್ ಎರಡು ಪದರ ಅಂಟಿಸಿದ್ದೆವು, ಕೆಂಪು ಬೆಳಕಿಗೆ ಕಣ್ಣು ಅಷ್ಟು ಕೆಡುವುದಿಲ್ಲ. ಮೊಬೈಲ್ ಒಂದೇ ಒಂದು ಇಟ್ಟುಕೊಂಡು, ಆಕಾಶದ ನಕ್ಷೆ ತೋರಿಸುವ ಸ್ಟೆಲೇರಿಯಮ್ ಆ್ಯಪ್ ಹಾಕಿ, ಪರದೆ ಕೆಂಪು ಮಾಡಿಕೊಂಡೆವು. ಉಳಿದವರ ಫೋನೆಲ್ಲಾ ಕೆಳಗೆ ಹಜಾರದಲ್ಲಿ. ಮಧ್ಯರಾತ್ರಿ ಎದ್ದು ಹೊರಡುವವರು ಬರಲೇಬೇಡಿ ಅಂತಲೂ ಮೊದಲೇ ಹೇಳಿದ್ದೆ, ಒಂದು ಕಾರಿನ ಹೆಡ್‌ಲೈಟ್ ಸಾಕು ಎಲ್ಲರ ರಾತ್ರಿ ಹಾಳಾಗಲು.

ಟೆಲಿಸ್ಕೋಪ್ ಬಗ್ಗೆ ಬೇಸರ ಇದೆ. ಊರಿನ ಒಂದು ಅಂಗಡಿಯಿಂದ ಒಂದು ರಾತ್ರಿಗೆ 1500 ರೂಪಾಯಿ ಬಾಡಿಗೆ ಕೊಟ್ಟು ತಂದಿದ್ದು, ನಾಲ್ಕೂವರೆ ಇಂಚಿನ ಕನ್ನಡಿಯದ್ದು. ಪೆಟ್ಟಿಗೆ ಮೇಲೆ 675 ಪಟ್ಟು ಅಂತ ದೊಡ್ಡದಾಗಿ ಬರೆದಿತ್ತು. ದಯವಿಟ್ಟು ಆ ಸಂಖ್ಯೆ ನಂಬಬೇಡಿ. ಕನ್ನಡಿಯ ಅಗಲ ಎಷ್ಟು ಮಿಲಿಮೀಟರ್ ಇದೆಯೋ ಅದರ ಎರಡರಷ್ಟು ಪಟ್ಟು ದಾಟಿದರೆ ಚಿತ್ರ ದೊಡ್ಡದಾಗುತ್ತದೆ, ಸ್ಪಷ್ಟ ಆಗುವುದಿಲ್ಲ. 114 ಮಿ.ಮೀ. ಕನ್ನಡಿಗೆ 230ರ ಒಳಗೇ. ಅದೂ ಆಕಾಶ ತೀರಾ ನಿಶ್ಚಲವಾಗಿದ್ದರೆ. ಸ್ಟ್ಯಾಂಡ್ ಅಲುಗಾಡುತ್ತಿತ್ತು, ಗುರಿ ಹಿಡಿಯುವ ಚಿಕ್ಕ ದುರ್ಬೀನು ಬೇರೆಲ್ಲೋ ನೋಡುತ್ತಿತ್ತು. ಗುರು ಗ್ರಹ ಸಿಗಲು ನಲವತ್ತು ನಿಮಿಷ ಹಿಡಿಯಿತು, ಅಷ್ಟರಲ್ಲಿ ಮಕ್ಕಳು ಆಕಳಿಸುತ್ತಿದ್ದರು. ಬಾಡಿಗೆಗೆ ತರುವುದಿದ್ದರೆ ಹಗಲಲ್ಲೇ ದೂರದ ಕಂಬವೊಂದಕ್ಕೆ ಗುರಿ ಹಿಡಿದು ಎರಡನ್ನೂ ಹೊಂದಿಸಿ ನೋಡಿ.

ರಾತ್ರಿ ಉಳಿಸಿದ್ದು ಗೆಳೆಯನ 10×50 ಬೈನಾಕ್ಯುಲರ್. ಚಾಪೆ ಮೇಲೆ ಅಂಗಾತ ಮಲಗಿ, ಮೊಣಕೈ ಕೆಳಗೆ ದಿಂಬು ಇಟ್ಟುಕೊಂಡರೆ ಕೈ ನಡುಗುವುದಿಲ್ಲ. ಗುರು ಆಗ ಪುನರ್ವಸುವಿನ ಹತ್ತಿರ, ನೆತ್ತಿಯ ಮೇಲೆ. ಪಕ್ಕದಲ್ಲಿ ಮೂರು ಚುಕ್ಕಿ ಸಾಲಾಗಿ ಕಂಡವು, 1610ರಲ್ಲಿ ಗೆಲಿಲಿಯೋ ನೋಡಿದ ಅದೇ ಚಂದ್ರರು. ಕೃತ್ತಿಕೆ ಬರಿಗಣ್ಣಿಗೆ ಆರು, ಬೈನಾಕ್ಯುಲರಿಗೆ ಹತ್ತಾರು. ಮಹಾವ್ಯಾಧ (ಓರಿಯನ್) ಪುಂಜದ ಕತ್ತಿಯಲ್ಲಿ ಮಸುಕಾದ ಮೋಡದಂಥ ನೀಹಾರಿಕೆ. ದಕ್ಷಿಣದಲ್ಲಿ ಅಗಸ್ತ್ಯ ನಕ್ಷತ್ರ, ಅದಕ್ಕೂ ಮಹಾವ್ಯಾಧನಿಗೂ ನಡುವೆ ಲುಬ್ಧಕ (ಸಿರಿಯಸ್).

ಒಂಬತ್ತೂವರೆ ಹೊತ್ತಿಗೆ ಯಜಮಾನರೂ ಮೇಲೆ ಬಂದು ಕೂತರು. ಪಶ್ಚಿಮದ ಕಡೆ ಕೆಂಪಗಿದ್ದ ನಕ್ಷತ್ರ ತೋರಿಸಿ, ಇದು ರೋಹಿಣಿ ಅಂದೆ. ಅವರು ಸ್ವಲ್ಪ ಹೊತ್ತು ನೋಡಿ, "ಇದೇನಾ ಸಾಮಿ ರೋಣಿ? ಐವತ್ತು ವರ್ಷದಿಂದ ರೋಣಿ ಮಳೆಗೆ ಕಾಯ್ತಾ ಇದ್ದೀನಿ, ಯಾರೂ ತೋರಿಸಿರಲಿಲ್ಲ" ಅಂದರು. ಅದಕ್ಕೆ ಕಾರಣವೂ ಇದೆ. ಸೂರ್ಯ ರೋಹಿಣಿಯಲ್ಲಿ ಇರುವಾಗ ಬರುವ ಮಳೆಗೇ ರೋಹಿಣಿ ಮಳೆ ಅನ್ನುವುದು, ಮೇ ಕೊನೆಯಿಂದ ಜೂನ್ ಮೊದಲ ವಾರದವರೆಗೆ. ಆ ದಿನಗಳಲ್ಲಿ ಆ ನಕ್ಷತ್ರ ಸೂರ್ಯನ ಜೊತೆಗೇ ಹುಟ್ಟಿ ಜೊತೆಗೇ ಮುಳುಗುತ್ತದೆ, ಕಾಣುವುದೇ ಇಲ್ಲ. ಇದನ್ನು ಹೇಳಿದ ಮೇಲೆ ಅವರು ಮೃಗಶಿರ ಎಲ್ಲಿ, ಆರಿದ್ರಾ ಎಲ್ಲಿ ಅಂತ ಒಂದೊಂದನ್ನೇ ಕೇಳಿ ನೋಡಿದರು. ಆಮೇಲೆ ಕೆಳಗೆ ಹೋಗಿ ಮನೆಯವರನ್ನೂ ಕರೆದುಕೊಂಡು ಬಂದರು.

ಊಟದ ಬಗ್ಗೆ ದೂರಿಲ್ಲ. ಮುದ್ದೆ, ಹಿದಕಿದ ಬೇಳೆ ಸಾರು, ಅನ್ನ, ಮಜ್ಜಿಗೆ. ಅವರೆ ಕಾಲ ಮುಗಿಯುತ್ತಾ ಬಂದಿದ್ದರೂ ಸಾರಿನಲ್ಲಿ ಸೊಗಡು ಇತ್ತು. ರಾತ್ರಿ ಒಂದಕ್ಕೆ ಫ್ಲಾಸ್ಕಿನಲ್ಲಿ ಸುಕ್ಕಿನ ಕಾಫಿ, ಬೆಳಿಗ್ಗೆ ಅಕ್ಕಿ ರೊಟ್ಟಿ, ಹುಚ್ಚೆಳ್ಳು ಚಟ್ನಿ. ತಲೆಗೆ 900 ರೂಪಾಯಿ, ಮಕ್ಕಳಿಗೆ ಅರ್ಧ. ಕಂಬಳಿ ಸಾಲಲಿಲ್ಲ, ಎರಡು ಗಂಟೆ ಮೇಲೆ ಇಬ್ಬನಿ ಇಳಿದು ಜಮಖಾನ ಒದ್ದೆಯಾಯಿತು, ಬೈನಾಕ್ಯುಲರಿನ ಗಾಜೂ ಮಂಜಾಯಿತು. ಹೊದಿಕೆ ನಿಮ್ಮದೇ ತನ್ನಿ, ನೆಲಕ್ಕೆ ಒಂದು ಟಾರ್ಪಾಲು ಇರಲಿ.

ಮೂರು ಗಂಟೆಗೆ ಎಚ್ಚರ ಇದ್ದವರು ಐದು ಜನ. ತ್ರಿಶಂಕು ದಕ್ಷಿಣದಲ್ಲಿ ನೆಟ್ಟಗೆ ನಿಂತಿತ್ತು, ಎಡಗಡೆ ಕೆಳಗೆ ಎರಡು ಹೊಳೆಯುವ ನಕ್ಷತ್ರ, ಅದರ ಮೇಲೆ ಬೈನಾಕ್ಯುಲರಿನಲ್ಲಿ ಹತ್ತಿಯ ಉಂಡೆಯಂಥ ಒಮೆಗಾ ಸೆಂಟಾರಿ, ಒಂದು ಕೋಟಿಯಷ್ಟು ನಕ್ಷತ್ರಗಳ ಗುಂಪು. ಮೇಲುಕೋಟೆಯಲ್ಲಿ ಇದು ನಮಗೆ ಸಿಕ್ಕಿರಲೇ ಇಲ್ಲ. ನಾನು ಹೋಗಿ ಮಲಗಿದ್ದ ಹತ್ತು ವರ್ಷದ ಹುಡುಗಿಯನ್ನು ಎಬ್ಬಿಸಿದೆ, ಸಂಜೆಯೇ ಎಬ್ಬಿಸಲೇಬೇಕು ಅಂತ ಮಾತು ತೆಗೆದುಕೊಂಡಿದ್ದಳು. ಕಂಬಳಿ ಹೊದ್ದು ಬಂದು ನಾಲ್ಕೂ ನಕ್ಷತ್ರ ಎಣಿಸಿದಳು, ಐದರ ಹತ್ತಿರ ತೆಳ್ಳಗಿನ ಚಂದ್ರ ಹುಟ್ಟುವವರೆಗೆ ಕೆಳಗೆ ಇಳಿಯಲಿಲ್ಲ.

ಮುಂದಿನ ಸಲಕ್ಕೆ ಏಪ್ರಿಲ್ 18ರ ಶನಿವಾರ ಹೇಳಿ ಬಂದಿದ್ದೇವೆ, ಅಮಾವಾಸ್ಯೆಯ ಮರುದಿನ. ಆಗ ತ್ರಿಶಂಕು ರಾತ್ರಿ ಹನ್ನೊಂದಕ್ಕೇ ಎತ್ತರದಲ್ಲಿರುತ್ತದೆ, ಮಕ್ಕಳು ನಿದ್ದೆ ಕೆಡಬೇಕಿಲ್ಲ. ಎಂಟು ಜನಕ್ಕಿಂತ ಜಾಸ್ತಿ ಹೋಗುವುದಿಲ್ಲ, ಟೆಲಿಸ್ಕೋಪ್ ಬಾಡಿಗೆಯ ದುಡ್ಡಿಗೆ ಇನ್ನೊಂದು ಹಳೇ ಬೈನಾಕ್ಯುಲರ್ ಹುಡುಕುತ್ತಿದ್ದೇವೆ. ಸೋಲಾರ್ ಲೈಟಿಗೆ ಸ್ವಿಚ್ ಹಾಕಿಸುತ್ತೇನೆ ಅಂತ ಯಜಮಾನರು ಹೇಳಿದ್ದಾರೆ.