ಲಾಲ್‌ಬಾಗ್ ಮೊದಲೋ, ಎಂಟಿಆರ್ ಮೊದಲೋ?

ಬೆಂಗಳೂರಿನ ಲಾಲ್‌ಬಾಗ್ ಹತ್ತಿರದ ಎಂಟಿಆರ್ ಹೋಟೆಲಿಗೆ ಬೆಳಗಿನ ತಿಂಡಿಗೆ ಹೋಗುವವರಿಗೆ ಒಂದು ಮಾತು: ಲಾಲ್‌ಬಾಗ್ ಸುತ್ತಾಟ ಮುಗಿಸಿಕೊಂಡೇ ಹೋಗಿ. ನಾನು ಎರಡೂ ಮಾಡಿ ನೋಡಿದ್ದೇನೆ. ಒಂದು ಸಲ ಮೊದಲು ರವೆ ಇಡ್ಲಿ, ಮೇಲೊಂದು ಮಸಾಲೆ ದೋಸೆ, ಜೊತೆಗೆ ಕೊಡುವ ಪುಟ್ಟ ಬಟ್ಟಲಿನ ತುಪ್ಪವನ್ನೂ ಬಿಡದೆ ಸುರಿದುಕೊಂಡು ತಿಂದು, ಸೀದಾ ಓಡಲು ಹೋದೆ. ಕೆಂಪೇಗೌಡ ಗೋಪುರದ ಬಂಡೆ ಅರ್ಧ ಹತ್ತುವಷ್ಟರಲ್ಲಿ ಪಕ್ಕೆ ಹಿಡಿದುಕೊಂಡು ಕೂತೆ. ತಪ್ಪು ನನ್ನದೇ ಬಿಡಿ, ತುಪ್ಪ ಬೇಗ ಅರಗುತ್ತಾ?

ಈಗ ಅರ್ಧ ಬಾಳೆಹಣ್ಣು, ಒಂದು ಲೋಟ ನೀರು, ಆಮೇಲೆ ಮುಕ್ಕಾಲು ಗಂಟೆ ಬಿರುಸು ನಡಿಗೆ. ಬೆವರು ಆರುವಷ್ಟರಲ್ಲಿ ಹೊಟ್ಟೆ ಚುರುಗುಟ್ಟುತ್ತಿರುತ್ತದೆ, ಆಗ ಆ ರವೆ ಇಡ್ಲಿ ಮುರಿದು ಸಾಗುವಿನಲ್ಲಿ ಅದ್ದಿ ಬಾಯಿಗಿಟ್ಟರೆ, ಆಹಾ! ಎರಡನೇ ಮಹಾಯುದ್ಧದ ಕಾಲದಲ್ಲಿ ಅಕ್ಕಿ ಸಿಗದಿದ್ದಾಗ ಇಲ್ಲೇ ಹುಟ್ಟಿದ ತಿಂಡಿಯಂತೆ ಇದು. ಕೊನೆಗೆ ಕಾಫಿ, ಅದನ್ನಂತೂ ಬಿಡಬೇಡಿ.

ನಡೆದು ಕರಗಿಸಿದ್ದಕ್ಕಿಂತ ಜಾಸ್ತಿ ತಿಂದೆ ಅನ್ನುವ ಲೆಕ್ಕ ನಾನು ಹಾಕಲ್ಲ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ತಗೊಳ್ಳುವವರು ಮಾತ್ರ ಸುಮ್ನೆ ಖಾಲಿ ಹೊಟ್ಟೆಯಲ್ಲಿ ಹೊರಡಬೇಡಿ, ಮೊದಲು ಡಾಕ್ಟರನ್ನು ಕೇಳಿ. ಭಾನುವಾರವಾದರೆ ಬೇಗ ಹೋಗಿ, ಜನ ಜಾಸ್ತಿ.